ಲಾಗರ್ ಎಂದರೆ ದಾಸ್ತಾನೋ ಗೋದಾಮೋ?
ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಸ್ವೀಡನ್ನಿನ ಕಂಪನಿಗಳ ಗೋದಾಮು ಮತ್ತು ಸಾಗಣೆಯ ಕಾಗದಪತ್ರಗಳನ್ನು ಇಂಗ್ಲಿಷಿಗೆ ತರುವ ಕೆಲಸದ ಬಗ್ಗೆ ಕಾಸರಗೋಡು, ಹೊಸೂರು, ಸೊಲ್ಲಾಪುರ, ಮಡಕಶಿರಾ ಕಡೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಸ್ವೀಡಿಶ್ ಪದಗಳನ್ನು ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಕಾಗುಣಿತ ಮುಖ್ಯವಾದ ಕಡೆ ಅಕ್ಷರ ಬಿಡಿಸಿ ಹೇಳಿದೆ.

ಪ್ರಶ್ನೆ: ಮನೆಯಿಂದಲೇ ಅನುವಾದ ಮಾಡುತ್ತೇನೆ. ಒಂದು ಗೋದಾಮಿನ ಕೈಪಿಡಿ ಬಂದಿದೆ. ಅದರಲ್ಲಿ 'ಲಾಗರ್' ಸಾಲುಸಾಲಿಗೂ ಸಿಗುತ್ತದೆ. ಶಬ್ದಕೋಶ ಸ್ಟಾಕ್, ವೇರ್‌ಹೌಸ್, ಲೇಯರ್, ಬೇರಿಂಗ್ ಎಂದು ನಾಲ್ಕು ಅರ್ಥ ಕೊಡುತ್ತದೆ. ಒಂದನ್ನು ಆರಿಸಿ ಎಲ್ಲ ಕಡೆ ಹಾಕಿದರೆ ಆಗದೇ?
– ಅನುವಾದಕಿ, ಬದಿಯಡ್ಕ

ಉತ್ತರ: ಆಗದು. ಒಂದೇ ಪುಟದಲ್ಲಿ ಎರಡು ಅರ್ಥದಲ್ಲಿ ಬಂದಿರುತ್ತದೆ. ಪದವನ್ನು ನೋಡುವ ಮೊದಲು ಅದು ಯಾವ ಕಾಗದದಲ್ಲಿ, ಯಾವ ಕಾಲಂನ ತಲೆಬರಹದ ಕೆಳಗೆ ಕೂತಿದೆ ಎಂದು ನೋಡಿ. ಮಲಯಾಳದ ಅರ್ಜಿ ನಮೂನೆಗಳನ್ನು ತುಂಬಿ ತುಂಬಿ ಕೈಪಳಗಿದ ಕಾಸರಗೋಡಿನವರಿಗೆ ಈ ಉಪಾಯ ಹೊಸದಲ್ಲ.

ಪಕ್ಕದಲ್ಲಿ ಸಂಖ್ಯೆಯೋ ಮೌಲ್ಯವೋ ಮಟ್ಟವೋ ಇದ್ದರೆ ಅದು ಸ್ಟಾಕ್. 'ಇ ಲಾಗರ್', 'ಪೋ ಲಾಗರ್' ಎರಡೂ ಇನ್ ಸ್ಟಾಕ್. ಆದರೆ 'ಪೋ ಲಾಗ್ರೆಟ್' ಎಂದು ನಿರ್ದಿಷ್ಟ ರೂಪ ಬಂದರೆ ಹೆಚ್ಚಾಗಿ ಕಟ್ಟಡವೇ, ಅಂದರೆ ಇನ್ ದ ವೇರ್‌ಹೌಸ್. ಯಂತ್ರದ ಬಿಡಿಭಾಗದ ಪಟ್ಟಿಯಲ್ಲಾದರೆ ಬೇರಿಂಗ್ ಇರಬಹುದು. ಗೋಥೆನ್‌ಬರ್ಗಿನಲ್ಲಿ 1907ರಲ್ಲಿ ಹುಟ್ಟಿದ ಎಸ್.ಕೆ.ಎಫ್. ಕಂಪನಿಯ ಹೆಸರಿನ ನಡುವಿನ 'ಕೆ' ಕೂಡ ಕುಲ್‌ಲಾಗರ್, ಅಂದರೆ ಬಾಲ್ ಬೇರಿಂಗ್. ಇನ್ನೊಂದು ತೊಡಕಿದೆ: 'ಲಾಗರ್' ಏಕವಚನದಲ್ಲೂ ಬಹುವಚನದಲ್ಲೂ ಒಂದೇ ರೂಪ. ಗೋದಾಮು ಒಂದೋ ಮೂರೋ ಎಂಬುದನ್ನು ಅದಕ್ಕೆ ಮೊದಲು ಬರುವ ವಿಶೇಷಣದಿಂದಲೇ ಹೇಳಬೇಕು.

ಉದ್ದದ ಸಮಾಸಪದಗಳನ್ನು ಬಲದಿಂದ ಬಿಡಿಸಿ. 'ಸೇಕರ್‌ಹೇಟ್ಸ್‌ಲಾಗರ್‌ನಿವೋ' ಎಂಬುದರಲ್ಲಿ ಕೊನೆಯ 'ನಿವೋ' ಮಟ್ಟ, ನಡುವಿನದು ದಾಸ್ತಾನು, ಮೊದಲನೆಯದು ಸುರಕ್ಷತೆ. ಮಧ್ಯದ 'ಎಸ್' ಬರೀ ಬೆಸುಗೆ. ಒಟ್ಟಿಗೆ ಸೇಫ್ಟಿ ಸ್ಟಾಕ್ ಲೆವೆಲ್. ಬೆಸೆಯುವಾಗ ಒಂದೇ ವ್ಯಂಜನ ಮೂರು ಸಲ ಒತ್ತಿಗೆ ಬಂದರೆ ಸ್ವೀಡಿಶ್ ಒಂದನ್ನು ನುಂಗಿಬಿಡುತ್ತದೆ. 'ಟುಲ್' ಎಂದರೆ ಕಸ್ಟಮ್ಸ್, ಅದಕ್ಕೆರಡು 'ಎಲ್'. 'ಲಾಗರ್' ಸೇರಿದಾಗ ಮೂರಾಗಬೇಕಿತ್ತು, ಬರೆಯುವುದು ಎರಡೇ: 'ಟುಲ್ಲಾಗರ್', ಕಸ್ಟಮ್ಸ್ ವೇರ್‌ಹೌಸ್. ಇದನ್ನು 'ಟುಲ್' ಮತ್ತು 'ಆಗರ್' ಎಂದು ಒಡೆದು ಶಬ್ದಕೋಶದಲ್ಲಿ ಹುಡುಕುತ್ತ ಕೂತರೆ ಸಂಜೆಯಾದೀತು.

ಕೈಪಿಡಿಯಲ್ಲಿ ಪ್ರಮಾಣವನ್ನೇ ಬದಲಿಸಬಲ್ಲ ಪದಗಳನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. 'ಲಾಗರ್‌ಸಾಲ್ಡೊ' ಎಂದರೆ ಸ್ಟಾಕ್ ಆನ್ ಹ್ಯಾಂಡ್, ಗೋದಾಮಿನಲ್ಲಿ ನಿಜಕ್ಕೂ ಇರುವ ಸರಕು. 'ಡಿಸ್ಪೊನೀಬೆಲ್ಟ್ ಸಾಲ್ಡೊ' ಎಂದರೆ ಅವೈಲಬಲ್ ಸ್ಟಾಕ್, ಬೇರೆಯವರಿಗೆ ಕಾದಿರಿಸಿದ್ದನ್ನು ಕಳೆದು ಉಳಿದದ್ದು. ಕಪಾಟಿನಲ್ಲಿ 500 ಇದ್ದು 320 ಕಾದಿರಿಸಿದ್ದರೆ ಮೊದಲನೆಯದು 500, ಎರಡನೆಯದು 180. ಎರಡಕ್ಕೂ ಬ್ಯಾಲೆನ್ಸ್ ಎಂದು ಬರೆದರೆ ಒಂದೇ ಮಾಲನ್ನು ಇಬ್ಬರಿಗೆ ಮಾರಿದ ಹಾಗೆ. 'ಬೆಸ್ಟೆಲ್ನಿಂಗ್ಸ್‌ಪುಂಕ್ಟ್' ಸ್ಥಳವಲ್ಲ, ರೀಆರ್ಡರ್ ಪಾಯಿಂಟ್: ದಿನಕ್ಕೆ 40 ಖರ್ಚು, ಸರಕು ಬರಲು 15 ದಿನ, ಸುರಕ್ಷತೆಗೆ 200 ಎಂದಿದ್ದರೆ 40ನ್ನು 15ರಿಂದ ಗುಣಿಸಿ 200 ಕೂಡಿಸಿ, 800ಕ್ಕೆ ಇಳಿದಾಗ ಮತ್ತೆ ಆರ್ಡರ್ ಹಾಕಬೇಕು. ಕೈಪಿಡಿಯಲ್ಲಿ ಉದಾಹರಣೆಯ ಅಂಕಿಗಳಿದ್ದರೆ ಹೀಗೆ ನೀವೇ ಲೆಕ್ಕ ಹಾಕಿ ನೋಡಿ. ಲೆಕ್ಕ ಕೂಡದಿದ್ದರೆ ಎಲ್ಲೋ ಒಂದು ಪದ ತಪ್ಪಿದೆ.

ಪ್ರಶ್ನೆ: ನಮ್ಮ ಸ್ಟೋರಿಗೆ ಸ್ವೀಡನ್ನಿನಿಂದ ಬಿಡಿಭಾಗ ಬರುತ್ತದೆ. ಅರ್ಧಕ್ಕರ್ಧ ಪದಗಳು ಇಂಗ್ಲಿಷಿನಂತೆಯೇ ಕಾಣುತ್ತವೆ. ಹಾಗೇ ಇಟ್ಟರೆ ಕೆಲಸ ಸುಲಭವಲ್ಲವೇ?
– ಸ್ಟೋರ್ ಸಹಾಯಕ, ಹೊಸೂರು

ಉತ್ತರ: ಕೆಡುವುದೇ ಅಲ್ಲಿ. ಸ್ವೀಡಿಶಿನ 'ಟ್ರಕ್' ರಸ್ತೆಯಲ್ಲಿ ಓಡುವ ಲಾರಿಯಲ್ಲ, ಗೋದಾಮಿನೊಳಗಿನ ಫೋರ್ಕ್‌ಲಿಫ್ಟ್. ಲಾರಿಗೆ 'ಲಾಸ್ಟ್‌ಬೀಲ್' ಎನ್ನುತ್ತಾರೆ. ಸುರಕ್ಷತಾ ಸೂಚನೆಯಲ್ಲಿ 'ಟ್ರಕ್ ಚಾಲಕನಿಗೆ ಪರವಾನಗಿ ಬೇಕು' ಎಂದಿದ್ದರೆ ಅದು ಫೋರ್ಕ್‌ಲಿಫ್ಟ್ ಓಡಿಸುವವನ ಮಾತು. 'ಮೂಟ್‌ವಿಕ್ಟ್ಸ್‌ಟ್ರಕ್' ಹಿಂಬದಿಯ ಭಾರದಿಂದ ತೂಗಿಸುವ ಫೋರ್ಕ್‌ಲಿಫ್ಟ್, ಅಂದರೆ ಕೌಂಟರ್‌ಬ್ಯಾಲೆನ್ಸ್ ಟ್ರಕ್, 'ಪಾಲ್‌ಲಿಫ್ಟಾರೆ' ಕೈಯಲ್ಲಿ ಎಳೆಯುವ ಪ್ಯಾಲೆಟ್ ಟ್ರಕ್. ಪ್ಯಾಲೆಟ್ ಎಂದರೆ ಸರಕು ಪೇರಿಸುವ ಹಲಗೆಯ ಚೌಕಟ್ಟು.

'ಇನ್ವೆಂಟೇರಿಂಗ್' ಎಂದರೆ ಸ್ಟಾಕ್ ಎಣಿಸುವ ಕೆಲಸ. ಬ್ರಿಟಿಷ್ ಬರಹದಲ್ಲಿ ಸ್ಟಾಕ್‌ಟೇಕಿಂಗ್, ಅಮೆರಿಕದವರಿಗಾದರೆ ಫಿಸಿಕಲ್ ಇನ್ವೆಂಟರಿ. ಬರೀ ಇನ್ವೆಂಟರಿ ಎಂದರೆ ಸರಕೇ ಆಗಿಬಿಡುತ್ತದೆ. 'ಆರ್ಟಿಕೆಲ್' ಸಾಮಾನ್ಯವಾಗಿ ಐಟಂ. ಕೆಲವು ಸ್ವೀಡಿಶ್ ಕಂಪನಿಗಳು ತಮ್ಮ ಇಂಗ್ಲಿಷಿನಲ್ಲೂ ಆರ್ಟಿಕಲ್ ನಂಬರ್ ಎಂದೇ ಬರೆಯುತ್ತವೆ, ಅಲ್ಲಿ ಅವರ ದಾರಿಯಲ್ಲೇ ಹೋಗಿ. 'ಎವೆಂಟುಎಲ್' ಎಂದರೆ 'ಇದ್ದರೆ, ಆಗುವುದಾದರೆ' ಎಂದು, ಕೊನೆಗೆ ಎಂದಲ್ಲ. 'ಆಕ್ಟುಎಲ್' ಎಂದರೆ ಈಗಿನ ಅಥವಾ ಪ್ರಸ್ತುತ, ನಿಜವಾದ ಎಂದಲ್ಲ. 'ಆಕ್ಟುಎಲ್ಟ್ ಸಾಲ್ಡೊ' ಕರೆಂಟ್ ಬ್ಯಾಲೆನ್ಸ್. ಅದನ್ನು ಆಕ್ಚುಯಲ್ ಬ್ಯಾಲೆನ್ಸ್ ಮಾಡಿದರೆ ಎಣಿಸಿ ಖಚಿತಪಡಿಸಿದ ಅಂಕಿ ಎಂದು ಆಡಿಟರ್ ತಿಳಿದಾನು.

'ಮೀಲ್' ಬಗ್ಗೆ ಪ್ರತ್ಯೇಕ ಎಚ್ಚರ. ಬರೆಯುವುದು ಎಂ-ಐ-ಎಲ್, ನೋಡಿದರೆ ಮೈಲಿಯಂತಿದೆ. ಸ್ವೀಡನ್ನಿನಲ್ಲಿ ಒಂದು ಮೀಲ್ ಎಂದರೆ 10 ಕಿಲೋಮೀಟರ್. 50 ಮೀಲ್ ದೂರದ ಗೋದಾಮು 500 ಕಿಲೋಮೀಟರಿನಾಚೆ ಇದೆ. ಕಿಲೋಮೀಟರಿಗೆ ಬದಲಿಸಿಯೇ ಬರೆಯಿರಿ.

ಕಿರಾಣಿ ಸಾಮಾನಿನ ಗೋದಾಮಿನ ನಕ್ಷೆಯಲ್ಲಿ 'ಕೊಲೊನಿಯಾಲ್, ಶೀಲ್, ಫ್ರೀಸ್' ಎಂದು ಮೂರು ವಿಭಾಗ ಕಂಡೀತು. ಮೊದಲನೆಯದಕ್ಕೂ ವಸಾಹತಿಗೂ ಈಗ ಸಂಬಂಧ ಉಳಿದಿಲ್ಲ: ಸಾಮಾನ್ಯ ಉಷ್ಣತೆಯಲ್ಲಿಡುವ ಒಣ ದಿನಸಿ, ಅಂದರೆ ಆ್ಯಂಬಿಯೆಂಟ್. ಉಳಿದೆರಡು ಚಿಲ್ಡ್ ಮತ್ತು ಫ್ರೋಜನ್. ಹಾಗೆಯೇ 'ಬೆಸ್ಟ್ ಫೋರೆ' ಬೆಸ್ಟ್ ಬಿಫೋರ್, 'ಸಿಸ್ಟಾ ಫೊರ್‌ಬ್ರೂಕ್ನಿಂಗ್ಸ್‌ಡಾಗ್' ಯೂಸ್ ಬೈ. ಎರಡನೆಯ ದಿನಾಂಕ ಮೀರಿದ್ದನ್ನು ಮಾರಲೇಬಾರದು, ಆದ್ದರಿಂದ ಎರಡನ್ನೂ ಎಕ್ಸ್‌ಪೈರಿ ಎಂದು ಒಂದೇ ಮಾಡಬೇಡಿ.

'ಫಾಕ್' ಕಪಾಟಿನ ಖಾನೆ. 'ಸ್ಲೂಟ್' ಮುಗಿದಿದೆ, ಔಟ್ ಆಫ್ ಸ್ಟಾಕ್. 'ಇನ್‌ಫಾರ್ಟ್' ವಾಹನ ಒಳಬರುವ ದಾರಿ. ಇವುಗಳ ಕಾಗುಣಿತ ಇಂಗ್ಲಿಷ್ ಕಣ್ಣಿಗೆ ಬೈಗುಳದಂತೆ ಕಾಣುವುದರಿಂದ ಕೆಲವು ಮೇಲ್ ಫಿಲ್ಟರುಗಳು ಪತ್ರವನ್ನೇ ತಡೆದಾವು. ನಗು ಬಂದರೆ ನಕ್ಕು ಮುಂದೆ ಹೋಗಿ.

ಪ್ರಶ್ನೆ: ಸಾಗಣೆ ಕಾಗದದಲ್ಲಿ 'ಕೊಲ್ಲಿ 4', 'ಫ್ಲಾಕ್‌ಮೇಟೆರ್ 1,6', ತೂಕ ಎರಡು ಥರ. ಯಾವುದು ನಿಜವಾದ ತೂಕ? ಫ್ರಕ್ಟ್‌ಸೇಡೆಲನ್ನು ಬಿಲ್ ಆಫ್ ಲೇಡಿಂಗ್ ಎನ್ನಬಹುದೇ?
– ಸಾಗಣೆ ಏಜೆನ್ಸಿಯ ಗುಮಾಸ್ತ, ಮಂಜೇಶ್ವರ

ಉತ್ತರ: 'ಕೊಲ್ಲಿ' ಎಂಬುದನ್ನು ಕನ್ನಡದಲ್ಲಿ ಓದಿ ಹೆದರಬೇಡಿ, ಸಾಗಿಸುವವನು ಒಂದಾಗಿ ಎತ್ತಿಳಿಸುವ ಪೊಟ್ಟಣ ಅದು. ಇಂಗ್ಲಿಷಿನಲ್ಲಿ ಪ್ಯಾಕೇಜ್. ಒಂದು ಪ್ಯಾಲೆಟ್ ಮೇಲೆ 48 ರಟ್ಟಿನ ಪೆಟ್ಟಿಗೆ ಪೇರಿಸಿ ಪ್ಲಾಸ್ಟಿಕ್ ಸುತ್ತಿದ್ದರೆ ಕೊಲ್ಲಿ ಒಂದೇ. ಅಡಿಕೆ ಮಂಡಿಯಲ್ಲಿ ಗೋಣಿ ಎಣಿಸುವವನ ಲೆಕ್ಕವೂ ಕಿಲೋ ಬರೆಯುವವನ ಲೆಕ್ಕವೂ ಬೇರೆಯಾದ ಹಾಗೆ, ಇಲ್ಲೂ 'ಆಂಟಾಲ್ ಕೊಲ್ಲಿ 4' ಮತ್ತು 'ಆಂಟಾಲ್ 192 ಎಸ್.ಟಿ.' ಎರಡೂ ಸರಿ. 'ಆಂಟಾಲ್' ಎಂದರೆ ಸಂಖ್ಯೆ, 'ಎಸ್.ಟಿ.' ಎಂದರೆ ಬಿಡಿ ನಗ. ಕೊಲ್ಲಿಯನ್ನು ಕಾರ್ಟನ್ ಎಂದು ಬರೆದರೆ ಇಳಿಸಿಕೊಳ್ಳುವ ಕಡೆ 188 ಪೆಟ್ಟಿಗೆ ಕಡಿಮೆ ಬಂದಿದೆ ಎಂದು ತಕರಾರು ಏಳುತ್ತದೆ.

'ಫ್ಲಾಕ್‌ಮೇಟೆರ್' ಲೋಡಿಂಗ್ ಮೀಟರ್. ಲಾರಿಯ ತಳದ ಪೂರ್ತಿ ಅಗಲವನ್ನು, ಮೇಲಿನ ಪೂರ್ತಿ ಎತ್ತರವನ್ನೂ ಸೇರಿಸಿ, ಒಂದು ಮೀಟರ್ ಉದ್ದಕ್ಕೆ ಹಿಡಿದ ಜಾಗ. ಅಗಲವನ್ನು 2.4 ಮೀಟರ್ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಯೂರೋ ಪ್ಯಾಲೆಟ್ 1200ಕ್ಕೆ 800 ಮಿಲಿಮೀಟರ್, ಎತ್ತರ 144. 1.2ನ್ನು 0.8ರಿಂದ ಗುಣಿಸಿ 2.4ರಿಂದ ಭಾಗಿಸಿದರೆ 0.4. ನಿಮ್ಮ ಕಾಗದದಲ್ಲಿ ಒಂದರ ಮೇಲೊಂದು ಪೇರಿಸಬಾರದ ನಾಲ್ಕು ಪ್ಯಾಲೆಟ್ ಇದೆ, ಅದಕ್ಕೇ 1.6.

ಎರಡು ತೂಕದ ಗುಟ್ಟೂ ಅಲ್ಲೇ ಇದೆ. 'ಬ್ರುಟ್ಟೊವಿಕ್ಟ್' ನಿಜವಾದ ಒಟ್ಟು ತೂಕ, ಗ್ರಾಸ್ ವೆಯ್ಟ್. 'ಫ್ರಕ್ಟ್‌ದ್ರಾಗಾಂಡೆ ವಿಕ್ಟ್' ಬಾಡಿಗೆಗೆ ಹಿಡಿಯುವ ತೂಕ, ಚಾರ್ಜಬಲ್ ವೆಯ್ಟ್. ಸ್ವೀಡನ್ನಿನೊಳಗಿನ ಸಾಗಣೆಯಲ್ಲಿ ಒಂದು ಫ್ಲಾಕ್‌ಮೇಟೆರಿಗೆ 1950 ಕಿಲೋ ಎಂದು ಹಿಡಿಯುವುದು ರೂಢಿ. ಸಾಗಣೆದಾರನ ಒಪ್ಪಂದದಲ್ಲಿ ಬೇರೆ ಇದ್ದರೆ ಅದೇ ಲೆಕ್ಕ. ಸರಕು ಬರೀ 900 ಕಿಲೋ ಇದ್ದರೂ 1.6ನ್ನು 1950ರಿಂದ ಗುಣಿಸಿ 3120 ಕಿಲೋಗೆ ಬಾಡಿಗೆ ಬೀಳುತ್ತದೆ. ಈ 3120 ಕಸ್ಟಮ್ಸ್ ಕಾಗದದ ತೂಕದ ಕಾಲಂಗೆ ಹೋದರೆ ಇನ್‌ವಾಯ್ಸ್ ಜೊತೆ ತಾಳೆಯಾಗುವುದಿಲ್ಲ, ಮಾಲು ನಿಲ್ಲುತ್ತದೆ.

ಇನ್ನು 'ಫ್ರಕ್ಟ್‌ಸೇಡೆಲ್'. ಅದು ಕನ್‌ಸೈನ್‌ಮೆಂಟ್ ನೋಟ್, ನಮ್ಮ ಲಾರಿ ರಸೀದಿಯ ಜಾತಿ, ಸಿ.ಎಂ.ಆರ್. ಎಂದು ಮುಂದೆ ಸೇರಿದ್ದರೆ 1956ರ ಜಿನೀವಾ ಒಪ್ಪಂದದ ಪ್ರಕಾರದ ಅಂತರರಾಷ್ಟ್ರೀಯ ರಸ್ತೆ ಸಾಗಣೆಯದು. ಬಿಲ್ ಆಫ್ ಲೇಡಿಂಗ್ ಸಮುದ್ರದ್ದು, ಸ್ವೀಡಿಶಿನಲ್ಲಿ 'ಕೊನೊಸೆಮೆಂಟ್'. ಅದು ಯಾರ ಕೈಯಲ್ಲಿದೆಯೋ ಅವರಿಗೆ ಸರಕಿನ ಮೇಲೆ ಹಕ್ಕು ಕೊಡುವ ಕಾಗದ, ಫ್ರಕ್ಟ್‌ಸೇಡೆಲ್ ಅಲ್ಲ. ಲೆಟರ್ ಆಫ್ ಕ್ರೆಡಿಟ್ (ಕಾಗದ ಸರಿಯಿದ್ದರೆ ದುಡ್ಡು ಕೊಡುತ್ತೇವೆಂಬ ಬ್ಯಾಂಕಿನ ಭರವಸೆ ಪತ್ರ) ಇದ್ದಲ್ಲಿ ಇವೆರಡನ್ನು ಅದಲುಬದಲು ಮಾಡಿದರೆ ಬ್ಯಾಂಕು ಕಾಗದ ವಾಪಸ್ ಕಳಿಸುತ್ತದೆ. ಅಮೆರಿಕದವರು ಒಳನಾಡಿನ ಲಾರಿ ಕಾಗದಕ್ಕೂ ಬಿಲ್ ಆಫ್ ಲೇಡಿಂಗ್ ಎನ್ನುವುದುಂಟು, ಆ ರೂಢಿಯನ್ನು ಇಲ್ಲಿಗೆ ತರಬೇಡಿ. 'ಫೊಲ್ಯೆಸೇಡೆಲ್' ಡೆಲಿವರಿ ನೋಟ್. ಅದನ್ನು ಡೆಲಿವರಿ ಚಲನ್ ಎಂದೂ ಬರೆಯಬೇಡಿ. ನಮ್ಮಲ್ಲಿ ಚಲನ್ ಎಂಬುದು ಜಿ.ಎಸ್.ಟಿ. ನಿಯಮ 55ರ ಕೆಳಗಿನ ಬೇರೆಯೇ ದಾಖಲೆ.

ಪ್ರಶ್ನೆ: ಟವೆಲ್ ರಫ್ತು ಮಾಡುತ್ತೇವೆ. ಖರೀದಿದಾರರ ಪತ್ರದಲ್ಲಿ 'ರಾಮ್‌ಆವ್‌ತಾಲ್ 20 000, ಆವ್‌ರೂಪ್ 2 500, ವಿ. 36' ಎಂದಿತ್ತು. ಅನುವಾದಿಸಿ ಕೊಟ್ಟವರು 'ಆರ್ಡರ್ ಕಾಲ್ಡ್ ಆಫ್' ಎಂದು ಬರೆದರು. ಆರ್ಡರ್ ರದ್ದಾಯಿತೇ?
– ರಫ್ತು ವಿಭಾಗ, ಸೊಲ್ಲಾಪುರ

ಉತ್ತರ: ರದ್ದಾಗಿಲ್ಲ, ಮಗ್ಗ ನಿಲ್ಲಿಸಬೇಡಿ. 'ರಾಮ್‌ಆವ್‌ತಾಲ್' ಫ್ರೇಮ್‌ವರ್ಕ್ ಅಗ್ರೀಮೆಂಟ್, ವರ್ಷಕ್ಕೆ ಒಟ್ಟು 20,000 ಎಂಬಂಥ ಮೂಲ ಒಪ್ಪಂದ. 'ಆವ್‌ರೂಪ್' ಅದರೊಳಗಿನಿಂದ ಈಗ ಇಷ್ಟು ಕಳಿಸಿ ಎಂಬ ಬೇಡಿಕೆ, ಕಾಲ್-ಆಫ್ ಆರ್ಡರ್. ಕ್ರಿಯಾಪದ ಮಾಡಿದ ಕೂಡಲೇ ಇಂಗ್ಲಿಷಿನಲ್ಲಿ ರದ್ದು ಎಂಬ ಅರ್ಥ ಬಂದುಬಿಡುತ್ತದೆ. ಅದಕ್ಕೇ ನಡುವೆ ಅಡ್ಡಗೆರೆ ಹಾಕಿ ನಾಮಪದವಾಗಿಯೇ ಇಡಬೇಕು: ಕಾಲ್-ಆಫ್ ಆಫ್ 2,500 ಪೀಸಸ್.

'ವಿ.' ಎಂದರೆ 'ವೆಕ್ಕಾ', ವಾರ. ಸ್ವೀಡನ್ನಿನಲ್ಲಿ ವಾರ ಸೋಮವಾರ ಶುರು. ವರ್ಷದ ಮೊದಲ ಗುರುವಾರ ಇರುವ ವಾರವೇ ಒಂದನೆಯದು. 2025ರ 36ನೇ ವಾರ ಸೆಪ್ಟೆಂಬರ್ 1ಕ್ಕೆ ಶುರುವಾದರೆ 2026ರದ್ದು ಆಗಸ್ಟ್ 31ಕ್ಕೆ. 2026ಕ್ಕೆ 53 ವಾರಗಳಿವೆ. ಎಕ್ಸೆಲ್‌ನಲ್ಲಿ ವೀಕ್‌ನಮ್ ಸೂತ್ರ ಬೇಡ, ಅದು ಜನವರಿ 1ರಿಂದ ಎಣಿಸಿ ಕೆಲವು ವರ್ಷ ಒಂದು ವಾರ ತಪ್ಪಿಸುತ್ತದೆ, ಐಎಸ್‌ಒ-ವೀಕ್‌ನಮ್ ಬಳಸಿ. ಅನುವಾದದಲ್ಲಿ ವಾರದ ಸಂಖ್ಯೆಯ ಪಕ್ಕ ಸೋಮವಾರದ ತಾರೀಕನ್ನೂ ಬರೆಯಿರಿ. 28ರಿಂದ 31ನೇ ವಾರದೊಳಗೆ ತಲುಪಿಸುವ ಮಾತಿದ್ದರೆ ಗೋದಾಮು ತೆರೆದಿರುತ್ತದೆಯೇ ಎಂದು ಕೇಳಿಬಿಡಿ, ಸ್ವೀಡನ್ನಿನ ಕೈಗಾರಿಕೆಗಳ ಬೇಸಿಗೆ ರಜೆ ಸಾಮಾನ್ಯವಾಗಿ ಆಗಲೇ.

ಇಂಥ ಪತ್ರದಲ್ಲಿ ಸಣ್ಣ ಪದಗಳೇ ದುಡ್ಡು ತಿನ್ನುವುದು. 'ಡೇಲ್‌ಲೆವೆರಾನ್ಸ್ ಎಯ್ ಟಿಲ್ಲೋಟೆನ್' ಎಂದರೆ ಕಂತಿನಲ್ಲಿ ಕಳಿಸುವಂತಿಲ್ಲ. ಆ 'ಎಯ್' ಎರಡೇ ಅಕ್ಷರ, ಇ ಮತ್ತು ಜೆ, ಅದರ ಅರ್ಥ 'ಇಲ್ಲ' ಎಂದು. 'ರೆಸ್ಟ್‌ನೊಟೇರಾಸ್' ಎಂದಿದ್ದರೆ ಬಾಕಿ ಉಳಿದದ್ದು ಬ್ಯಾಕ್ ಆರ್ಡರ್ ಆಗಿ ಮುಂದುವರಿಯುತ್ತದೆ. 'ರೆಸ್ಟ್ ಅನುಲ್ಲೇರಾಸ್' ಎಂದಿದ್ದರೆ ಬಾಕಿ ರದ್ದು. 'ಊಟ್‌ಗೊಟ್' ಎಂದರೆ ಆ ಐಟಂ ತಯಾರಿಯೇ ನಿಂತಿದೆ, ಡಿಸ್‌ಕಂಟಿನ್ಯೂಡ್. ಸ್ಟಾಕ್ ಮುಗಿದಿದೆ ಎಂದಲ್ಲ.

ಪ್ರಶ್ನೆ: ಸ್ವೀಡಿಶ್ ಸ್ಟಾಕ್ ಪಟ್ಟಿಯ ಸಿ.ಎಸ್.ವಿ. ಫೈಲನ್ನು ಎಕ್ಸೆಲ್‌ನಲ್ಲಿ ತೆರೆದರೆ ಎಲ್ಲ ಒಂದೇ ಕಾಲಂಗೆ ಬೀಳುತ್ತದೆ, ಅಕ್ಷರ ಕೆಡುತ್ತದೆ.
– ವಿದ್ಯಾರ್ಥಿನಿ, ಮಡಕಶಿರಾ

ಉತ್ತರ: ಅವರಿಗೆ ದಶಮಾಂಶ ಚಿಹ್ನೆ ಅಲ್ಪವಿರಾಮ. ಆದ್ದರಿಂದ ಕಾಲಂ ಬೇರ್ಪಡಿಸಲು ಅರ್ಧವಿರಾಮ ಬಳಸುತ್ತಾರೆ. ಫೈಲಿನ ಮೇಲೆ ನೇರ ಒತ್ತಿ ತೆರೆಯಬೇಡಿ. ಖಾಲಿ ಹಾಳೆಯಲ್ಲಿ ಡೇಟಾ ಪಟ್ಟಿಗೆ ಹೋಗಿ ಟೆಕ್ಸ್ಟ್/ಸಿ.ಎಸ್.ವಿ.ಯಿಂದ ತರಿಸುವ ಆಯ್ಕೆ ತೆಗೆದುಕೊಳ್ಳಿ. ಬೇರ್ಪಡಿಸುವ ಚಿಹ್ನೆ ಅರ್ಧವಿರಾಮ ಎಂದು ಹೇಳಿ. ಫೈಲ್ ಆರಿಜಿನ್‌ನಲ್ಲಿ ಯು.ಟಿ.ಎಫ್.-8 ಇಟ್ಟು ನೋಡಿ. ಉಂಗುರದ 'ಎ', ಚುಕ್ಕಿಯ 'ಎ', ಚುಕ್ಕಿಯ 'ಓ' ಸರಿ ಕಾಣದಿದ್ದರೆ ವೆಸ್ಟರ್ನ್ ಯುರೋಪಿಯನ್ 1252ಕ್ಕೆ ಬದಲಿಸಿ. ಹಾಳೆಗೆ ಇಳಿಸುವ ಮೊದಲೇ ಐಟಂ ನಂಬರ್ ಮತ್ತು ಬಾರ್‌ಕೋಡ್ ಕಾಲಂಗಳನ್ನು ಟೆಕ್ಸ್ಟ್ ಮಾಡಿ. ಇಲ್ಲದಿದ್ದರೆ ಮೊದಲಲ್ಲಿರುವ ಸೊನ್ನೆಗಳು ಹಾರಿಹೋಗುತ್ತವೆ, 13 ಅಂಕಿಯ ಬಾರ್‌ಕೋಡು 7.3ಇ+12 ಆಗಿ ಕಾಣುತ್ತದೆ. ಸ್ವೀಡನ್ನಿನಲ್ಲಿ ಕೊಟ್ಟ ಬಾರ್‌ಕೋಡ್ 730ರಿಂದ 739ರೊಳಗೆ ಶುರುವಾಗುತ್ತದೆ, ನಮ್ಮದು 890. ಕಣ್ಣಳತೆಯಲ್ಲಿ ಪರೀಕ್ಷಿಸಲು ಇಷ್ಟು ಸಾಕು.

'2,500 ಕೆ.ಜಿ.' ಎಂದರೆ ಅವರ ಲೆಕ್ಕದಲ್ಲಿ ಎರಡೂವರೆ ಕಿಲೋ. ಎರಡೂವರೆ ಸಾವಿರಕ್ಕೆ ನಡುವೆ ಖಾಲಿ ಜಾಗ ಬಿಡುತ್ತಾರೆ. '250304' ಎಂಬ ಆರಂಕಿಯ ತಾರೀಕು 2025ರ ಮಾರ್ಚ್ 4, ವರ್ಷ ಮೊದಲು. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆದುಬಿಟ್ಟರೆ ವಾದವೇ ಇಲ್ಲ.

ಪ್ರಶ್ನೆ: ರಕ್ಷಣಾ ಇಲಾಖೆಯ ಒಂದು ಸ್ವೀಡಿಶ್ ದಾಖಲೆಯಲ್ಲಿ 'ಉಂಡರ್‌ಹೋಲ್' ಪದವನ್ನು ಕಂಪ್ಯೂಟರ್ ಎಲ್ಲ ಕಡೆ ಮೇಂಟೆನೆನ್ಸ್ ಎಂದಿದೆ. ಸರಿಯೇ?
– ನಿವೃತ್ತ ಸೈನಿಕ, ಪೆರ್ಲ

ಉತ್ತರ: ಕಾರ್ಖಾನೆಯ ಕಾಗದವಾದರೆ ಸರಿ. ಸೇನೆಯ ಕಾಗದದಲ್ಲಿ ಅದು ಮದ್ದುಗುಂಡು, ಇಂಧನ, ಆಹಾರದ ಪೂರೈಕೆಯನ್ನೆಲ್ಲ ಒಳಗೊಂಡ ಲಾಜಿಸ್ಟಿಕ್ಸ್. ಯಂತ್ರ ರಿಪೇರಿಗೆ ಅಲ್ಲಿ ಬೇರೆ ಪದ ಜೊತೆಗೆ ಬರುತ್ತದೆ. 'ಫೊರ್ನೋಡೆನ್‌ಹೇಟೆರ್' ಸಪ್ಲೈಸ್, 'ಬೆರೇಡ್‌ಸ್ಕಾಪ್ಸ್‌ಲಾಗರ್' ತುರ್ತಿಗೆಂದು ಕಾದಿಟ್ಟ ದಾಸ್ತಾನು. 'ಮಟೀರಿಯೆಲ್' ಎಂದು ಕೊನೆಗೆ 'ಇ-ಎಲ್' ಬಂದರೆ ಸಲಕರಣೆ, 'ಎ-ಎಲ್' ಬಂದರೆ ಕಚ್ಚಾವಸ್ತು. ಇಂಗ್ಲಿಷಿನ ಸ್ಪೆಲ್ ಚೆಕ್ ಮೊದಲನೆಯದನ್ನು ಎರಡನೆಯದಾಗಿಸಲು ಹೊಂಚುತ್ತಿರುತ್ತದೆ, ಅದನ್ನು ಆರಿಸಿಡಿ. ಸ್ವೀಡನ್ ನೇಟೊ ಸೇರಿದ್ದು 2024ರ ಮಾರ್ಚ್ 7ರಂದು. ಹೊಸ ದಾಖಲೆಗಳಲ್ಲಿ ನೇಟೊದ 13 ಅಂಕಿಯ ಸ್ಟಾಕ್ ನಂಬರ್ ಕಂಡರೆ ಮೊದಲ ನಾಲ್ಕು ವರ್ಗ, ನಂತರದ ಎರಡು ದೇಶ. ಅಂಕಿ, ಅಡ್ಡಗೆರೆ ಯಾವುದನ್ನೂ ಮುಟ್ಟಬೇಡಿ.

ಪ್ರಶ್ನೆ: ಪದ ಹುಡುಕಲು ನಂಬುವಂಥ ಜಾಗ ಯಾವುದು? ದರ ಹೇಗೆ ಹೇಳಬೇಕು?
– ಹೊಸ ಅನುವಾದಕ, ಕುಂಬಳೆ

ಉತ್ತರ: ಪಾರಿಭಾಷಿಕ ಪದಕ್ಕೆ 2009ರಲ್ಲಿ ಶುರುವಾದ ಸ್ವೀಡನ್ನಿನ ರಾಷ್ಟ್ರೀಯ ಪದಭಂಡಾರ ರಿಕ್ಸ್‌ಟರ್ಮ್‌ಬಾಂಕೆನ್. ಕಾನೂನು, ಕಸ್ಟಮ್ಸ್ ಪದಕ್ಕೆ ಐರೋಪ್ಯ ಒಕ್ಕೂಟದ ಪದಭಂಡಾರ ಐಯೇಟ್. ಸ್ವೀಡನ್ 1995ರಿಂದ ಸದಸ್ಯ ದೇಶವಾದ್ದರಿಂದ ಅದರಲ್ಲಿ ಸ್ವೀಡಿಶ್ ಚೆನ್ನಾಗಿ ತುಂಬಿದೆ. ಸಾಮಾನ್ಯ ಪದಕ್ಕೆ ಸ್ವೀಡಿಶ್ ಅಕಾಡೆಮಿಯ ಮೂರು ಕೋಶಗಳು ಒಂದೇ ಜಾಲತಾಣದಲ್ಲಿವೆ. ಆದರೆ ಎಲ್ಲಕ್ಕಿಂತ ಮೇಲೆ ಗ್ರಾಹಕ ಕಂಪನಿಯ ಸಾಫ್ಟ್‌ವೇರಿನ ಇಂಗ್ಲಿಷ್ ಪರದೆ. ಗುಂಡಿಯ ಮೇಲೆ ಗೂಡ್ಸ್ ರಿಸೀಟ್ ಎಂದಿದ್ದರೆ ನಿಮ್ಮ ಕೈಪಿಡಿಯಲ್ಲೂ ಅದೇ ಇರಬೇಕು, ನಿಮಗೆ ಇನ್‌ಬೌಂಡ್ ಡೆಲಿವರಿ ಎಷ್ಟೇ ಇಷ್ಟವಾದರೂ. ಕೆಲಸ ಹಿಡಿಯುವ ಮೊದಲೇ ಆ ಪರದೆಗಳ ಚಿತ್ರ ತರಿಸಿಕೊಳ್ಳಿ. ಯಂತ್ರಾನುವಾದ ವಾಕ್ಯಗಳಿಗೆ ಪರವಾಗಿಲ್ಲ. ಪಟ್ಟಿಯಲ್ಲಿ ಒಂಟಿಯಾಗಿ ನಿಂತ ಪದಕ್ಕೆ ಸುತ್ತಲ ಮಾತಿನ ಆಸರೆಯಿಲ್ಲದೆ ತಪ್ಪುತ್ತದೆ, ಗೋದಾಮಿನ ಕಾಗದವೆಲ್ಲ ಅಂಥ ಪಟ್ಟಿಯೇ.

ದರದ ವಿಷಯ. ಸ್ವೀಡಿಶಿನ ಒಂದು ಸಮಾಸಪದ ಇಂಗ್ಲಿಷಿನಲ್ಲಿ ಎರಡು ಮೂರು ಪದವಾಗುತ್ತದೆ. ಮೂಲದ ಪದ ಎಣಿಸಿ ದರ ಹೇಳಿದರೆ ಬರೆದದ್ದಕ್ಕಿಂತ ಕಡಿಮೆ ಎಣಿಕೆಗೆ ದುಡ್ಡು ಬರುತ್ತದೆ. ಇಂಗ್ಲಿಷ್ ಪದದ ಮೇಲೆ ದರ ಕೇಳಿ, ಒಪ್ಪದಿದ್ದರೆ ಒಂದು ಪುಟ ಮಾಡಿ ನೋಡಿ ಎರಡೂ ಕಡೆಯ ಎಣಿಕೆ ತಾಳೆ ಹಾಕಿ ಮೂಲದ ದರವನ್ನು ಅಷ್ಟಕ್ಕೆ ಏರಿಸಿ. ಬರೀ ಐಟಂ ಪಟ್ಟಿಯಾದರೆ ಪದದ ದರವೇ ಬೇಡ, ಗಂಟೆಯ ಲೆಕ್ಕ ಹೇಳಿ. 'ಸಾಟ್ಸ್' ಎಂಬ ನಾಲ್ಕಕ್ಷರದ ಒಂದು ಪದ ಕಿಟ್ಟೋ ಬ್ಯಾಚೋ ಎಂದು ತಿಳಿಯಲು ಆ ಐಟಂನ ಚಿತ್ರವನ್ನೇ ಹುಡುಕಿ ನೋಡಬೇಕಾಗುತ್ತದೆ.